ಅಕಿಗಿ ಹೇಳು

ವರ್ಷಕ್ಕೊಂದು ದಿನ ನನ್ನ ಫೋನು ಕ್ಷಮೆಯಿಂದ ತುಂಬಿಹೋಗುತ್ತದೆ. ದಶಲಕ್ಷಣ ಪರ್ವ ಮುಗಿದು, ಭಾದ್ರಪದದ ಹುಣ್ಣಿಮೆ ಕಳೆದ ಮರುದಿನ. ನಾವು ಜೈನರು ಅದನ್ನು ಕ್ಷಮಾವಾಣಿ ಅನ್ನುತ್ತೇವೆ. ಆ ದಿನ ಚಿಕ್ಕವರು ದೊಡ್ಡವರು ಎನ್ನದೆ ಎಲ್ಲರೂ ಎಲ್ಲರಿಗೂ ಕೈ ಮುಗಿದು ‘ಉತ್ತಮ ಕ್ಷಮಾ’ ಅನ್ನಬೇಕು. ತಿಳಿದೋ ತಿಳಿಯದೆಯೋ ನೋಯಿಸಿದ್ದರೆ ಮನ್ನಿಸಿ ಎಂದು ಅರ್ಥ. ಎದುರಿಗಿದ್ದವರೂ ಕೈ ಮುಗಿದು ಅದೇ ಮಾತನ್ನು ತಿರುಗಿ ಹೇಳಬೇಕು. ಅಲ್ಲಿಗೆ ಮುಗಿಯಿತು, ಮುಂದೆ ಚಹಾ. ಈಗ ಅಷ್ಟೂ ಕಷ್ಟವಿಲ್ಲ; ಕಮಲದ ಹೂವಿನ ಚಿತ್ರವೊಂದನ್ನು ಊರಿಗೆಲ್ಲ ಒಟ್ಟಿಗೆ ಕಳಿಸಿದರಾಯಿತು. ಗೋಡೆಯ ತಂಟೆಯಲ್ಲಿ ನಮ್ಮ ಮೇಲೆ ಕೋರ್ಟಿಗೆ ಹೋದ ಪಕ್ಕದ ಮನೆಯವರೂ ಕಳಿಸುತ್ತಾರೆ. ಕಳಿಸಿ, ಮರುದಿನ ತಾರೀಖಿಗೆ ಹೋಗುತ್ತಾರೆ.

ಆ ಚಿತ್ರಗಳನ್ನು ನಾನು ತೆರೆಯದೆಯೇ ಅಳಿಸುತ್ತೇನೆ. ಹದಿಮೂರನೆಯ ವಯಸ್ಸಿನಲ್ಲಿ ಆ ಮಾತಿಗೆ ನಾನು ನಿಜವಾದ ಉತ್ತರ ಕೊಟ್ಟಿದ್ದೆ. ನಮ್ಮ ಜಾತಿಯಲ್ಲಿ ಅಂಥ ತಪ್ಪು ಮಾಡಿದವರು ಬೇರೆ ಯಾರೂ ಇರಲಿಕ್ಕಿಲ್ಲ. ಈಗ ನನಗೂ ಒಬ್ಬ ಮಗಳಿದ್ದಾಳೆ, ಒಂಬತ್ತನೆಯ ತರಗತಿ. ಅವಳ ಬಾಯಿಂದ ಒಂದೇ ಒಂದು ನಿಜವಾದ ಮಾತು ಬಂದೀತೇ ಎಂದು ನಾನು ಬಾಯಿ ಬಿಟ್ಟುಕೊಂಡು ಕಾಯುತ್ತಿದ್ದೇನೆ.

ಅಪ್ಪನಿಗೆ ಮಹಾರಾಷ್ಟ್ರದ ಗಡಿಯ ಇಚಲಕರಂಜಿಯಲ್ಲಿ ಸೂತದ ಅಂಗಡಿ. ಸೂತ ಎಂದರೆ ಮಗ್ಗಕ್ಕೆ ಹಾಕುವ ನೂಲು. ದತ್ತವಾಡದ ಕಬ್ಬಿನ ಹೊಲವನ್ನು ತಮ್ಮನಿಗೆ ಬಿಟ್ಟು ಬಂದು ಹಾಕಿದ ಅಂಗಡಿ ಅದು. ಅಂಗಡಿಯ ಹಿಂದೆ ಮನೆ, ಮನೆಯ ಎರಡೂ ಬದಿಗೆ ಮಗ್ಗದ ಶೆಡ್ಡು. ಬೆಳಗಾದರೆ ಖಟಾಖಟ ಶುರು. ಆ ಓಣಿಯಲ್ಲಿ ಗುಟ್ಟು ಎನ್ನುವುದೇ ಇರಲಿಲ್ಲ. ಗಂಡಹೆಂಡಿರ ಮಾತನ್ನೂ ಕೂಗಿಯೇ ಹೇಳಬೇಕು, ಇಲ್ಲದಿದ್ದರೆ ಕೇಳುವುದಿಲ್ಲ. ನಮ್ಮ ಮನೆಯಲ್ಲಿ ಮಾತ್ರ ದನಿ ಏರುತ್ತಿರಲಿಲ್ಲ. ‘ಭಾಳ ಶಾಂತ ಮನಶ್ಯಾ ರೀ. ಮಗಳ ಮ್ಯಾಲ ಒಮ್ಮಿನೂ ಕೈ ಎತ್ತಿಲ್ಲ ನೋಡ್ರಿ,’ ಎಂದು ಬಸದಿಯಲ್ಲಿ ಅಪ್ಪನನ್ನು ಹೊಗಳುತ್ತಿದ್ದರು. ನಿಜ, ಎತ್ತಿರಲಿಲ್ಲ. ಎತ್ತಿದ್ದರೆ ಎಷ್ಟೋ ವಾಸಿಯಿತ್ತು ಎಂದು ಬರೆದರೆ ಓದುವವರಿಗೆ ಸಿಟ್ಟು ಬಂದೀತು. ಬರಲಿ.

ಪಕ್ಕದ ಶೆಡ್ಡಿನ ಮಗ್ಗದವನು ತನ್ನ ಮಕ್ಕಳಿಗೆ ಸಿಕ್ಕಿದ್ದರಲ್ಲಿ ಬಾರಿಸುತ್ತಿದ್ದ. ಬಾರಿಸಿ, ಸಂಜೆಗೆ ಅವೇ ಮಕ್ಕಳನ್ನು ಸೈಕಲ್ಲಿನ ಮುಂದೊಂದು ಹಿಂದೊಂದು ಕೂರಿಸಿಕೊಂಡು ಭಡಂಗ, ಅಂದರೆ ಖಾರದ ಚುರುಮುರಿ, ಕೊಡಿಸಲು ಹೋಗುತ್ತಿದ್ದ. ಅವನು ಒಳ್ಳೆಯ ತಂದೆ ಎಂದು ನಾನು ಹೇಳುತ್ತಿಲ್ಲ. ಆ ಮಕ್ಕಳಿಗೆ ತಮ್ಮ ಶಿಕ್ಷೆ ಯಾವಾಗ ಮುಗಿಯಿತು ಎಂಬುದಾದರೂ ಗೊತ್ತಾಗುತ್ತಿತ್ತು.

ನಾನು ಎಂಟನೆಯ ತರಗತಿಯಲ್ಲಿದ್ದೆ. ಚಾತುರ್ಮಾಸ ಹಿಡಿದಿತ್ತು. ಆ ನಾಲ್ಕು ತಿಂಗಳು ನಮ್ಮಲ್ಲಿ ನೆಲದೊಳಗೆ ಬೆಳೆದದ್ದು ಯಾವುದೂ ಅಡಿಗೆಮನೆಗೆ ಬರುವಂತಿಲ್ಲ. ಉಳ್ಳಾಗಡ್ಡಿ ಇಲ್ಲ, ಬಟಾಟೆ ಇಲ್ಲ. ಹೊತ್ತು ಮುಳುಗಿದ ಮೇಲೆ ಊಟವಂತೂ ಇಲ್ಲವೇ ಇಲ್ಲ. ಶಾಲೆಯಲ್ಲಿ ನಾಟಕದ ತಾಲೀಮು ತಡವಾಯಿತು. ಮಳೆ. ಗೇಟಿನ ಮುಂದೆ ಗಾಡಿಯವನು ಬಟಾಟೆ ವಡೆ ಕರಿಯುತ್ತಿದ್ದ. ಗೆಳತಿಯರು ನಾಲ್ಕು ಜನ ಕೊಂಡರು, ನನ್ನ ಕೈಗೂ ಒಂದು ಬಂತು. ಹೊತ್ತು ಮುಳುಗಿತ್ತು. ನಾನು ತಿಂದೆ. ಅಷ್ಟು ರುಚಿಯಾದದ್ದನ್ನು ನಾನು ಆಮೇಲೆ ತಿಂದಿಲ್ಲ.

ಮನೆಗೆ ಬಂದಾಗ ಅಪ್ಪ ಅಂಗಡಿಯ ಬಾಗಿಲಲ್ಲಿ ನಿಂತಿದ್ದರು. ನನ್ನ ಬಿಳಿ ಅಂಗಿಯ ತೋಳಿನ ಅಂಚಿಗೆ ಕೆಂಪು ಚಟ್ನಿ ಹತ್ತಿತ್ತು. ಅದನ್ನು ನೋಡಿದರು.

‘ಏನರ ತಿಂದಿ?’

‘ಇಲ್ರಿ ಅಪ್ಪಾ.’

ಅಷ್ಟೇ. ಬೈಯಲಿಲ್ಲ, ಕಣ್ಣು ಕೆಂಪಗೆ ಮಾಡಲಿಲ್ಲ. ಒಳಗೆ ಹೋಗಿ ಕೈ ತೊಳೆದುಕೊಂಡು, ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡು ಅವ್ವನಿಗೆ ಹೇಳಿದರು: ‘ಅಕಿಗಿ ಹೇಳು, ಇವತ್ತಿನಿಂದ ನಾ ಅಕಿ ಜೋಡಿ ಮಾತಾಡಂಗಿಲ್ಲ.’ ನಾನು ಅವರಿಂದ ಒಂದು ಮಾರು ದೂರದಲ್ಲಿದ್ದೆ. ಅವ್ವ ನನ್ನ ಕಡೆ ತಿರುಗಿ, ನಾನೇನೋ ಕಿವುಡಿ ಎಂಬ ಹಾಗೆ ಹೇಳಿದಳು: ‘ಮಾತಾಡಂಗಿಲ್ಲ ಅಂತಾರ.’

ಅಂದಿನಿಂದ ನಾನು ಆ ಮನೆಯಲ್ಲಿ ‘ಅಕಿ’ ಆದೆ. ‘ಅಕಿಗಿ ಹೇಳು, ಛತ್ರಿ ತಗೊಂಡ ಹೋಗಂತ.’ ‘ಅಕಿಗಿ ಹೇಳು, ಗಣಿತದ ಪುಸ್ತಕಾ ತಂದೇನಿ ಅಂತ.’ ಅವ್ವ ಒಂದನ್ನೂ ಬಿಡದೆ ಮುಟ್ಟಿಸುತ್ತಿದ್ದಳು, ಅಂಚೆಯವನೂ ಅಷ್ಟು ಪ್ರಾಮಾಣಿಕನಾಗಿರಲಿಕ್ಕಿಲ್ಲ. ಒಮ್ಮೆಯಾದರೂ ‘ಎದರಿಗೇ ಕುಂತಾಳಲ್ಲ, ನೀವ ಹೇಳ್ರಿ’ ಅನ್ನಬಹುದಿತ್ತು. ಅನ್ನಲಿಲ್ಲ. ಅಪ್ಪನ ಮೇಲಿನ ಸಿಟ್ಟು ಈ ವಯಸ್ಸಿಗೆ ಎಷ್ಟೋ ಇಳಿದಿದೆ. ಸತ್ತುಹೋದ ಅವ್ವನ ಮೇಲಿನದು ಇಳಿದಿಲ್ಲ.

ವಾರ ಕಳೆದ ಮೇಲೆ ಅವ್ವ, ‘ಹೋಗಿ ಕಾಲ ಹಿಡಿ,’ ಅಂದಳು. ಹಿಡಿಯಲು ಹೋದೆ. ಅಪ್ಪ ಗಾದಿಯ ಮೇಲೆ ಕೂತಿದ್ದವರು ಎರಡೂ ಪಾದಗಳನ್ನು ಧೋತರದೊಳಗೆ ಎಳೆದುಕೊಂಡು ನೂಲಿನ ಗಂಟು ಎಣಿಸುವುದನ್ನು ಮುಂದುವರಿಸಿದರು. ನನ್ನ ಹುಟ್ಟುಹಬ್ಬ ಬಂತು. ಹೊಸ ಅರಿವೆ ಅವ್ವನ ಕೈಯಿಂದ ಬಂತು. ಪರೀಕ್ಷೆಯಲ್ಲಿ ತರಗತಿಗೇ ಮೊದಲು ಬಂದೆ; ಅಂಕಪಟ್ಟಿಗೆ ಸಹಿ ಹಾಕಿ ಅವ್ವನ ಕಡೆ ಸರಿಸಿದರು. ಜ್ವರ ಬಂತು, ಮೂರು ದಿನ ಏಳಲಾಗಲಿಲ್ಲ. ಅಪ್ಪ ಡಾಕ್ಟರನ್ನು ಕರೆತಂದರು, ಔಷಧ ತಂದರು, ಬಾಗಿಲಲ್ಲಿ ನಿಂತು ‘ಅಕಿಗಿ ಹೇಳು, ಹಾಲಿನ ಜೋಡಿ ತಗೊಳ್ಳಂತ’ ಅಂದರು. ಹಣೆ ಮುಟ್ಟಲಿಲ್ಲ. ಅವರು ಕಟುಕರಾಗಿದ್ದರೆ ದ್ವೇಷಿಸಿ ಹಗುರಾಗಬಹುದಿತ್ತು. ಎಲ್ಲವನ್ನೂ ಮಾಡುತ್ತಿದ್ದರು, ಮಾತೊಂದನ್ನು ಬಿಟ್ಟು.

ವಾರದ ರಜೆಯ ದಿನ ಮಗ್ಗಗಳು ನಿಂತರೆ ಓಣಿಯವರೆಲ್ಲ ಹಾಯೆನ್ನುತ್ತಿದ್ದರು. ನಾನು ಆ ದಿನಕ್ಕೆ ಹೆದರುತ್ತಿದ್ದೆ. ಖಟಾಖಟ ಇದ್ದಾಗ ಅಪ್ಪ ಮಾತಾಡಿದ್ದು ನನಗೇ ಕೇಳಿಸಲಿಲ್ಲವೇನೋ ಎಂದು ಸುಳ್ಳು ಹೇಳಿಕೊಳ್ಳಬಹುದಿತ್ತು. ರಜೆಯ ದಿನ ಆ ಸುಳ್ಳೂ ಇರುತ್ತಿರಲಿಲ್ಲ.

ಒಂದೇ ಆಸೆಯಿತ್ತು. ಕ್ಷಮಾವಾಣಿಯ ದಿನ ಅಪ್ಪ ನನ್ನೆದುರು ಬಂದು ಕೈ ಮುಗಿಯಲೇಬೇಕು. ಧರ್ಮ ಬಿಡುವವರಲ್ಲ ಅವರು. ಬಾಯಿ ಬಿಟ್ಟು ನನಗೇ, ಅವ್ವನಿಗಲ್ಲ, ಮಾತು ಹೇಳಲೇಬೇಕು. ಅದಕ್ಕಾಗಿ ಎರಡು ತಿಂಗಳು ಉಸಿರು ಹಿಡಿದಿದ್ದೆ.

ಆ ದಿನ ಬಂತು. ಬಸದಿಯಿಂದ ಬಂದ ಹತ್ತು ಹದಿನೈದು ಜನ ಪಡಸಾಲೆಯಲ್ಲಿ ಕೂತಿದ್ದರು. ಅಪ್ಪ ಒಬ್ಬೊಬ್ಬರಿಗೂ ಕೈ ಮುಗಿಯುತ್ತ ಬಂದರು. ಅಂಗಡಿಯ ಹಮಾಲನಿಗೆ ಮುಗಿದರು, ಅವ್ವನಿಗೆ ಮುಗಿದರು. ನನ್ನ ಮುಂದೆ ನಿಂತು, ನನ್ನ ಕಣ್ಣಲ್ಲೇ ನೋಡಿ, ‘ಉತ್ತಮ ಕ್ಷಮಾ’ ಅಂದರು.

ಕೇಳುತ್ತಿದ್ದಾರೆ ಎಂದುಕೊಂಡೆ. ದೇವರಾಣೆ, ಅವರು ಕೇಳುತ್ತಿದ್ದಾರೆಂದೇ ನಾನು ತಿಳಿದೆ.

‘ಹೌದ್ರಿ ಅಪ್ಪಾ, ಕ್ಷಮಾ ಮಾಡೇನಿ,’ ಅಂದೆ. ‘ಜ್ವರಾ ಬಂದಾಗ ಮಾತಾಡ್ಸಲಿಲ್ಲ ನೀವು, ಅದನ್ನೂ ಮಾಡೇನಿ. ನಾ ಪಹಿಲಾ ನಂಬರ ಬಂದೆ, ಆಗೂ ಏನೂ ಅನಲಿಲ್ಲ, ಅದನ್ನೂ. ಕಾಲ ಹಿಡ್ಯಾಕ ಬಂದ್ರ ಕಾಲ ಒಳಗ ತಗೊಂಡ್ರಿ, ಅದೊಂದ ಇನ್ನೂ ಆಗವಲ್ತು. ಮಾಡ್ತೇನಿ.’

ಯಾರೋ ನಕ್ಕರು: ‘ಪೋರಿ ಭಾರೀ ಹುಶಾರ ಆಗೇದ ರೀ!’ ಎಲ್ಲರೂ ನಕ್ಕರು. ಅಪ್ಪನೂ ನಕ್ಕರು, ನನಗಲ್ಲ, ಬಂದವರಿಗೆ. ಚಹಾ ಆಯಿತು. ಕೊನೆಯ ಅತಿಥಿ ಚಪ್ಪಲಿ ಹಾಕಿಕೊಂಡು ಹೋದ ಮೇಲೆ ಅಪ್ಪ ಅವ್ವನ ಕಡೆ ತಿರುಗಿದರು.

‘ಅಕಿಗಿ ಹೇಳು, ಅರಿವಿ ಚೀಲಕ್ಕ ತುಂಬ್ಕೊಳ್ಳಂತ. ಗಡಹಿಂಗ್ಲಜದಾಗ ಕಲೀಲಿ.’

ಗಡಹಿಂಗ್ಲಜ ಅವ್ವನ ತವರು. ಸೋದರಮಾವ ಅಲ್ಲಿ ಮೆಣಸಿನಕಾಯಿ ದಲಾಲಿ ಮಾಡುತ್ತಿದ್ದ. ಮನೆಯ ತುಂಬ ಮೆಣಸಿನ ಘಾಟು, ಹೋದ ಕೂಡಲೇ ಸೀನು. ಅತ್ತೆಯ ಬಾಯಿ ಅದಕ್ಕಿಂತ ಘಾಟು. ಬೆಳಗೆದ್ದು ಹಾಲಿನವನಿಂದ ಶುರು ಮಾಡಿ ಬೀದಿನಾಯಿಯ ತನಕ ಯಾರನ್ನೂ ಬಿಡುತ್ತಿರಲಿಲ್ಲ. ಹೋದ ಮರುದಿನವೇ ನಾನು ಹಾಲಿನ ಪಾತೇಲಿ ಉರುಳಿಸಿದೆ.

‘ಕಣ್ಣೇನ ನೆತ್ತಿ ಮ್ಯಾಲ ಅದಾವ ಏನ? ಎರಡ ಲೀಟರ ಹಾಲ ನೆಲಕ್ಕ ಕುಡಿಸಿದೆಲ್ಲ!’ ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದಳು. ಐದು ನಿಮಿಷಕ್ಕೆ, ‘ಬಾ, ರೊಟ್ಟಿ ಆರತಾವ,’ ಅಂದಳು. ನಾನು ಹೋಗಲಿಲ್ಲ. ಮುಗಿಯಿತೆಂದು ನನಗೆ ತಿಳಿಯಲೇ ಇಲ್ಲ. ಇದು ಬರೀ ಆರಂಭ, ನಾಳೆಯಿಂದ ಈ ಮನೆಯಲ್ಲೂ ‘ಅಕಿ’ ಆಗುತ್ತೇನೆ ಎಂದುಕೊಂಡೆ. ಅತ್ತೆ ನೀರು ತರಲು ಎದ್ದರೆ ನಾನು ಹಿಂದೆ ಹಿಂದೆ, ‘ತಪ್ಪಾತ್ರಿ ಅತ್ತಿ.’ ಬಟ್ಟೆ ಹಿಂಡುತ್ತಿದ್ದರೆ ಮುಂದೆ ನಿಂತು, ‘ತಪ್ಪಾತ್ರಿ.’ ಮೂರನೆಯ ದಿನ ಅವಳಿಗೆ ತಲೆ ಕೆಟ್ಟಿತು.

‘ಹಾಲ ಚೆಲ್ಲಿ ಮೂರ ದಿನಾ ಆತು. ನೆಲಾನೂ ಮರ್ತದ. ನಿಂದೇನ ಇದು, ಮಾರಿ ಸಣ್ಣದ ಮಾಡ್ಕೊಂಡ ಅಡ್ಡಾಡೋದು?’

ಅವಳ ಹೆಣ್ಣುಮಕ್ಕಳಿಬ್ಬರೂ ತಾಯಿಗೆ ಸರಿಸಮ ಕೂಗಾಡಿ, ಬಾಗಿಲು ಬಡಿದು, ಮರುಗಳಿಗೆ ಅವಳ ತೊಡೆಯ ಮೇಲೆ ತಲೆಯಿಟ್ಟು ಹೇನು ತೆಗೆಸಿಕೊಳ್ಳುತ್ತಿದ್ದರು. ನಾನು ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದೆ. ಎರಡೂವರೆ ವರ್ಷ ಆ ಮನೆಯಲ್ಲಿ ತಿಂದೆ, ಬೆಳೆದೆ, ಒಮ್ಮೆಯೂ ಬಾಗಿಲು ಬಡಿಯಲು ನನ್ನಿಂದ ಆಗಲಿಲ್ಲ.

ಶಾಲೆಯಲ್ಲಿ ಆ ಹೆದರಿಕೆ ಬೇರೆ ರೂಪ ತಾಳಿತು. ಯಾವ ಗೆಳತಿಯಾದರೂ ತಲೆನೋವೆಂದು ಸುಮ್ಮನೆ ಕೂತರೂ ‘ನಾ ಏನರ ಅಂದ್ನೇನ?’ ಎಂದು ಗೋಗರೆಯುತ್ತಿದ್ದೆ. ಪಕ್ಕದ ಬೆಂಚಿನವಳು ಇದನ್ನು ಬೇಗ ಕಂಡುಹಿಡಿದಳು. ಲೆಕ್ಕದ ಮನೆಪಾಠ ಮಾಡಿಸಿಕೊಳ್ಳಬೇಕಾದರೆ ಹಿಂದಿನ ದಿನವೇ ನನ್ನೊಡನೆ ಮಾತು ಬಿಡುತ್ತಿದ್ದಳು. ಎರಡು ವರ್ಷ ಅವಳ ವಹಿಯನ್ನೂ ನಾನೇ ಬರೆದೆ. ಕಾಲೇಜಿಗೆಂದು ಕೊಲ್ಹಾಪುರಕ್ಕೆ ಬಂದಾಗ ಬಸ್ಸಿನ ಕಂಡಕ್ಟರ್ ಮುಖ ಗಂಟಿಕ್ಕಿದರೂ ‘ಸಾರಿ’ ಅನ್ನುವ ಹುಡುಗಿಯಾಗಿದ್ದೆ. ಮದುವೆಯಾದ ಹೊಸದರಲ್ಲಿ ಗಂಡ ಪೇಪರು ಓದುತ್ತ ಕೂತರೆ ಕಣ್ಣೀರು ಬರುತ್ತಿತ್ತು. ಆತ ಗಾಬರಿಯಾಗಿ, ‘ಪೇಪರ ಓದಾಕತ್ತೇನಿ ಅಷ್ಟ,’ ಅನ್ನುತ್ತಿದ್ದ.

ಹತ್ತನೆಯದು ಮುಗಿಸಿ ಇಚಲಕರಂಜಿಗೆ ಮರಳಿದಾಗ ಅಪ್ಪ ಬಾಗಿಲಲ್ಲಿ, ‘ಬಸ್ಸಿನಾಗ ಜಾಗಾ ಸಿಕ್ತೇನ?’ ಎಂದು ನನ್ನನ್ನೇ ಕೇಳಿದರು. ನಡುವೆ ಏನೂ ನಡೆದೇ ಇಲ್ಲ ಎಂಬಂತೆ. ನಾನು ‘ಸಿಕ್ತ್ರಿ’ ಅಂದೆ.

ಹೊಟ್ಟೆಯಲ್ಲಿ ಮಗಳಿದ್ದಾಗಲೇ ಶಪಥ ಮಾಡಿದೆ: ನನ್ನ ಮನೆಯಲ್ಲಿ ಮೌನ ಎನ್ನುವುದು ಹೊಸ್ತಿಲು ದಾಟಬಾರದು. ಅಷ್ಟರಲ್ಲಿ ನಾನು ಕೊಲ್ಹಾಪುರದ ಒಂದು ಹೈಸ್ಕೂಲಿನಲ್ಲಿ ಶಿಕ್ಷಕಿಯಾಗಿದ್ದೆ. ಪಾಲಕರ ಸಭೆಯಲ್ಲಿ ಭಾಷಣ ನನ್ನದೇ. ‘ಮುಲಾಂಶೀ ಬೋಲಾ,’ ಮಕ್ಕಳ ಜೊತೆ ಮಾತಾಡಿ, ಎಂದು ಮರಾಠಿಯಲ್ಲಿ ಅರ್ಧ ಗಂಟೆ ಕೊರೆಯುತ್ತಿದ್ದೆ. ತಾಯಂದಿರು ಕಣ್ಣು ಒರೆಸಿಕೊಳ್ಳುತ್ತಿದ್ದರು. ಹೇಳುವುದು ವೇದಾಂತ, ತಿನ್ನುವುದು ಬದನೆಕಾಯಿ.

ತಿನ್ನುತ್ತಿದ್ದೆ ಎಂದು ನನಗೆ ಗೊತ್ತಿರಲಿಲ್ಲ. ಮಗಳು ಶಾಲೆಯಿಂದ ಬಂದು ಚೀಲ ಇಳಿಸುವ ಮುಂಚೆ ಶುರು: ಏನಾತು, ಯಾರ ಏನಂದ್ರು, ಮಾರಿ ಯಾಕ ಹಿಂಗದ, ಏನಿಲ್ಲ ಅಂದ್ರ ಏನು. ಅವಳು ಬಚ್ಚಲಿಗೆ ಹೋದರೆ ಬಾಗಿಲಾಚೆ ನಿಂತು ಕೇಳುತ್ತಿದ್ದೆ. ಐದನೆಯ ತರಗತಿಯ ತನಕ ಅವಳು ಎಲ್ಲವನ್ನೂ ಹೇಳುತ್ತಿದ್ದಳು, ನಾನು ಬೀಗುತ್ತಿದ್ದೆ. ಏಳನೆಯದರಲ್ಲಿ ಹೇಳುವುದು ಕಡಿಮೆಯಾಯಿತು. ನಾನು ಕೇಳುವುದನ್ನು ಹೆಚ್ಚು ಮಾಡಿದೆ. ಫೋನಿನ ಗುಪ್ತ ಅಂಕಿಯನ್ನು ಬರೆಸಿಕೊಂಡೆ. ಗೆಳತಿಯರ ತಾಯಂದಿರಿಗೆ ಫೋನು ಹಚ್ಚಿದೆ. ‘ನಾವಿಬ್ಬರೂ ಗೆಳತ್ಯಾರು ಅಲ್ಲೇನ?’ ಎಂದು ಅವಳ ಗದ್ದ ಹಿಡಿದು ಎತ್ತುತ್ತಿದ್ದೆ. ಅವಳು ಕಣ್ಣು ಬೇರೆ ಕಡೆ ಹೊರಳಿಸುತ್ತಿದ್ದಳು. ಆ ಕಣ್ಣಿನಲ್ಲಿ ಅಪ್ಪ ಕಂಡಂತಾಗಿ ಮತ್ತೆ ಕೇಳುತ್ತಿದ್ದೆ.

ಅವಳು ಎಂಟನೆಯ ತರಗತಿಗೆ ಬಂದ ವರ್ಷ ನಾನು ಅವಳ ಫೋನಿನಲ್ಲಿ ಒಂದು ಜಗಳ ಓದಿದೆ. ಆಪ್ತ ಗೆಳತಿಯೊಬ್ಬಳ ಬಗ್ಗೆ ನನ್ನ ಮಗಳು ಬೇರೆಯವಳಿಗೆ ಏನೋ ಕೆಟ್ಟದ್ದಾಗಿ ಬರೆದಿದ್ದಳು, ಅದು ಆ ಗೆಳತಿಗೆ ಮುಟ್ಟಿತ್ತು, ಇಬ್ಬರ ಮಾತು ನಿಂತಿತ್ತು. ಮಾತು ನಿಂತಿದೆ! ನನಗೆ ಅಷ್ಟೇ ಸಾಕಾಯಿತು. ಮರುದಿನ ಕ್ಷಮಾವಾಣಿ. ಇದಕ್ಕಿಂತ ಒಳ್ಳೆಯ ಮುಹೂರ್ತ ಯಾವುದಿದೆ ಎಂದುಕೊಂಡೆ.

‘ನಮ್ಮದ ನಾವ ಬಗೀಹರಸ್ಕೊಳ್ತೇವಿ ಮಮ್ಮಿ,’ ಅಂದಳು. ‘ಪ್ಲೀಜ್. ನೀ ಬರಬ್ಯಾಡ.’

ನಾನು ಕೈ ಹಿಡಿದು ಆ ಗೆಳತಿಯ ಮನೆಗೆ ಎಳೆದುಕೊಂಡೇ ಹೋದೆ. ಅವರು ಜೈನರಲ್ಲ, ಮರಾಠರು. ಕ್ಷಮಾವಾಣಿ ಅಂದರೇನೆಂದು ಆ ತಾಯಿಗೆ ವಿವರಿಸಬೇಕಾಯಿತು. ಆಕೆ ಒದ್ದೆ ಕೈ ಒರೆಸಿಕೊಳ್ಳುತ್ತ, ‘ಅಹೋ, ಪೋರೀಂಚಂ ಭಾಂಡಣ,’ ಹುಡುಗಿಯರ ಜಗಳ, ಹೋಗಲಿ ಬಿಡಿ, ಅಂದಳು. ನಾನು ಬಿಡಲಿಲ್ಲ. ಗೆಳತಿಯ ಅಕ್ಕಂದಿರು ಸೋಫಾದ ಮೇಲೆ ಸಾಲಾಗಿ ಕೂತು ನೋಡುತ್ತಿದ್ದರು. ಅವರೆಲ್ಲರ ಮುಂದೆ ನನ್ನ ಹದಿಮೂರರ ಮಗಳ ಎರಡೂ ಕೈಗಳನ್ನು ನಾನೇ ಜೋಡಿಸಿ, ‘ಅನ್ನು,’ ಅಂದೆ. ‘ಉತ್ತಮ ಕ್ಷಮಾ,’ ಅಂದಳು. ಅವಳ ಕಿವಿ ತುದಿಯವರೆಗೆ ಕೆಂಪಾಗಿತ್ತು. ದಾರಿಯಲ್ಲಿ ಐಸ್‌ಕ್ರೀಮ್ ಕೊಡಿಸಿದೆ. ಅವಳು ಅದನ್ನು ಕರಗುವ ತನಕ ಹಿಡಿದುಕೊಂಡಿದ್ದು ಚರಂಡಿಗೆ ಹಾಕಿದಳು. ಮಾತು ಮುರಿಯದಂತೆ ಉಳಿಸಿದೆ ಎಂಬ ಹೆಮ್ಮೆಯಲ್ಲಿ ನಾನು ಅದನ್ನು ನೋಡಿಯೂ ನೋಡಲಿಲ್ಲ.

ಆಮೇಲೆ ಅವಳದು ಒಂದೇ ಉತ್ತರ: ‘ಹ್ಞೂಂ.’ ಶಾಲೆ ಹೇಗಿದೆ? ಹ್ಞೂಂ. ಡಬ್ಬಿ ತಿಂದಿಯಾ? ಹ್ಞೂಂ. ಮತ್ತೆ ಭಾನುವಾರ ಭಾನುವಾರ ಇಚಲಕರಂಜಿಗೆ ಹೋಗುತ್ತೇನೆಂದು ಹಟ ಹಿಡಿದಳು. ಅಜ್ಜನ ಅಂಗಡಿಗೆ. ಅವ್ವ ಹೋದ ಮೇಲೆ ಚಿಕ್ಕಪ್ಪನ ಮಗ ಸಂಸಾರ ಸಮೇತ ಬಂದು ಅಪ್ಪನ ಜೊತೆಗಿದ್ದಾನೆ, ವ್ಯಾಪಾರ ಅವನದು; ಅಪ್ಪ ಗಾದಿಯ ಮೇಲೆ ಕೂತು ನೂಲಿನ ಕೋನುಗಳನ್ನು ಬಣ್ಣಬಣ್ಣ ಬೇರೆ ಮಾಡುತ್ತಾರೆ. ಅಲ್ಲಿ ಇವಳಿಗೇನು ಕೆಲಸ ಎಂದು ನನಗೆ ಬಗೆಹರಿಯಲಿಲ್ಲ. ಬರುವಾಗ ಮಾತ್ರ ಮುಖ ಹಗುರಾಗಿರುತ್ತಿತ್ತು.

ದೀಪಾವಳಿ ಕಳೆದು ಒಂದು ಭಾನುವಾರ ನಾನೇ ಕರೆತರಲು ಹೋದೆ, ಹೇಳಿದ್ದಕ್ಕಿಂತ ಒಂದು ತಾಸು ಮುಂಚೆ. ಆ ಓಣಿಯ ವಾರದ ರಜೆ ಭಾನುವಾರವಲ್ಲ; ಮಗ್ಗಗಳ ಸದ್ದಿನಲ್ಲಿ ನನ್ನ ಹೆಜ್ಜೆ ಅವರಿಗೆ ಕೇಳಿಸಲಿಲ್ಲ. ಅಂಗಡಿಯ ಬಾಗಿಲಲ್ಲೇ ನಿಂತುಬಿಟ್ಟೆ. ನನ್ನ ಮಗಳು ಮಾತಾಡುತ್ತಿದ್ದಳು. ಕೈ ಆಡಿಸುತ್ತ, ನಡುವೆ ಮೂಗು ಒರೆಸಿಕೊಳ್ಳುತ್ತ, ಆ ಸದ್ದಿನ ಮೇಲೆ ಗಂಟಲು ಎತ್ತರಿಸಿ, ನಿಲ್ಲದೆ ಮಾತಾಡುತ್ತಿದ್ದಳು. ಅಪ್ಪ ಅವಳ ಕಡೆ ನೋಡುತ್ತಲೂ ಇರಲಿಲ್ಲ. ಹಳದಿ ಕೋನು ಒಂದು ಕಡೆ, ಬಿಳಿಯದು ಒಂದು ಕಡೆ ಇಡುತ್ತಿದ್ದರು. ಪ್ರಶ್ನೆ ಕೇಳಲಿಲ್ಲ, ಹೂಂಗುಟ್ಟಲಿಲ್ಲ.

ನನ್ನನ್ನು ಕಂಡು ಅವಳು ಅರ್ಧಕ್ಕೆ ನಿಲ್ಲಿಸಿದಳು.

‘ಏನ ಮಾತಾಡ್ತಿದ್ರಿ?’

‘ಏನಿಲ್ಲ.’

ಅವಳು ಒಳಗೆ ಚೀಲ ತರಲು ಹೋದಾಗ ಅಪ್ಪನನ್ನು ಕೇಳಿದೆ. ‘ಹೇಳಬ್ಯಾಡ ಅಂದಾಳ,’ ಅಂದರು.

ಮೂವತ್ತು ವರ್ಷದ್ದು ಒಮ್ಮೆಲೇ ಬಾಯಿಗೆ ಬಂತು. ‘ನನ್ನ ಜೋಡಿ ಎರಡ ತಿಂಗಳ ಮಾತ ಬಿಟ್ಟಿದ್ರಿ ನೀವು. ಹೊತ್ತ ಮುಳುಗಿದ ಮ್ಯಾಲ ಒಂದ ವಡೆ ತಿಂದಿದ್ಕ. ನಾ ಹದಿಮೂರ ವರ್ಷದಕಿ. ನನ್ನ ಮಾತ ಹಿಂಗ ಕುಂತ ಕೇಳಿದ್ರೇನ ಒಂದ ದಿನಾ?’

ಅಪ್ಪ ಕೋನಿನಿಂದ ಬಿಚ್ಚಿದ ನೂಲಿನ ತುದಿ ಹುಡುಕಿ ಸಿಕ್ಕಿಸಿದರು. ‘ನೀ ಹೇಳಾಕ ಬರಲಿಲ್ಲಲ್ಲ,’ ಅಂದರು. ತಮಾಷೆಯಲ್ಲ. ಅವರು ಹಾಗೇ ನಂಬಿದ್ದರು. ಕಾಲು ಹಿಡಿಯಲು ಬಂದವಳ ನೆನಪೇ ಅವರಿಗಿರಲಿಲ್ಲ. ನನ್ನ ಬಾಳು ಹಾಳು ಮಾಡಿದ ಎರಡು ತಿಂಗಳು ಆ ಮನುಷ್ಯನಿಗೆ ಮರೆತುಹೋಗಿತ್ತು. ನಾನು ಕೂಗಾಡಿದೆ, ಏನೇನು ಅಂದೆನೋ. ಮಗಳು ಚೀಲ ಹಿಡಿದು ಬಂದು ನಿಂತಿದ್ದಳು. ಅಪ್ಪ ಅವಳ ಕಡೆ ತಿರುಗಿದರು.

‘ಅಕಿಗಿ ಹೇಳು, ಚಹಾ ಕುಡದ ಹೋಗಂತ.’

ಮಗಳು ನನ್ನ ಕಡೆ ನೋಡಿ, ‘ಚಹಾ ಕುಡದ ಹೋಗ ಅಂತಾರ,’ ಅಂದಳು. ಅವ್ವನ ಅದೇ ಧಾಟಿ. ಯಾರೂ ಕಲಿಸಿರಲಿಲ್ಲ. ಇಷ್ಟಾದರೂ ನಾನು ಚಹಾ ಕುಡಿದೇ ಹೊರಟೆ.

ಬಸ್ಸಿನಲ್ಲಿ ನಾನು ಬಿಡಲಿಲ್ಲ. ಹಾತಕಣಂಗಲೆ ಬರುವ ಹೊತ್ತಿಗೆ ಅವಳು ಕಿಟಕಿಯ ಕಡೆ ಮುಖ ಮಾಡಿಕೊಂಡೇ ಹೇಳಿದಳು. ‘ನೀ ಅವತ್ತ ಕ್ಷಮಾ ಕೇಳಿಸಿದೆಲ್ಲ. ಮರುದಿನದಿಂದ ನಾ ವರ್ಗದಾಗ ಬಂದ್ರ ಎಲ್ಲಾರೂ ಎದ್ದ ನಿಂತ ಕೈ ಮುಗೀತಾರ. ಉತ್ತಮ ಕ್ಷಮಾ, ಉತ್ತಮ ಕ್ಷಮಾ, ಅಂತಾರ. ನಾ ಡಬ್ಬಿ ಜಿನ್ಯಾದಾಗ ಕುಂತ ತಿಂತೇನಿ.’ ಜಿನಾ ಎಂದರೆ ಮೆಟ್ಟಿಲು. ಎರಡು ತಿಂಗಳಿಂದ ನನ್ನ ಮಗಳು ಮೆಟ್ಟಿಲ ಮೇಲೆ ಒಬ್ಬಳೇ ಕೂತು ತಿನ್ನುತ್ತಿದ್ದಳು, ನಾನು ದಿನಾ ಕೇಳಿ ‘ಹ್ಞೂಂ’ ಎನಿಸಿಕೊಳ್ಳುತ್ತಿದ್ದೆ.

‘ಇದನ್ನ ಅಜ್ಜಗ ಯಾಕ ಹೇಳಿದಿ? ನನಗ ಯಾಕ ಹೇಳಲಿಲ್ಲ?’

‘ನೀ ಭಾಳ ಕೇಳ್ತಿ ಮಮ್ಮಿ. ಅಜ್ಜ ಏನೂ ಕೇಳಂಗಿಲ್ಲ. ಅದಕ ಹೇಳಬೇಕ ಅನಸ್ತದ.’ ಚೀಲವನ್ನು ತೊಡೆಯ ಮೇಲೆ ಎಳೆದುಕೊಂಡು, ‘ಶಾಳೆಗಿ ಮಾತ್ರ ಹೋಗಬ್ಯಾಡ. ಪ್ರಾಮಿಸ್ ಮಾಡು,’ ಅಂದಳು.

ಮಾಡಿದೆ. ನನ್ನನ್ನು ಕುಗ್ಗಿಸಿ ಇಟ್ಟಿದ್ದ ಆ ಮೌನದ ಬಳಿ ಅವಳು ಹೋಗಿ ನೆರಳಿಗೆ ಕೂತಂತೆ ಕೂತಿದ್ದಳು. ನನ್ನ ಬಿಸಿಲು ಅಷ್ಟಿತ್ತು. ಇದು ತಿಳಿದ ಮೇಲಾದರೂ ಬುದ್ಧಿ ಬರಬೇಕಿತ್ತು. ಬುಧವಾರಕ್ಕೆ ನಾನು ಅವಳ ಶಾಲೆಯಲ್ಲಿದ್ದೆ. ನಾನೂ ಶಿಕ್ಷಕಿಯಲ್ಲವೇ, ಸುಮ್ಮನೆ ಕೂತೇನೆ? ಅವಳ ವರ್ಗಶಿಕ್ಷಕಿ ಒಳ್ಳೆಯವಳು, ನನ್ನ ಮಾತಿಗೆ ನೊಂದುಕೊಂಡಳು, ಮರುದಿನ ಇಡೀ ವರ್ಗವನ್ನು ನಿಲ್ಲಿಸಿ ನನ್ನ ಮಗಳಿಗೆ ಕ್ಷಮೆ ಕೇಳಿಸಿದಳು. ಕೈ ಮುಗಿಸಿಯೇ ಕೇಳಿಸಿದಳು. ಅಂದಿನಿಂದ ಮಗಳು ನನಗೆ ‘ಹ್ಞೂಂ’ ಅನ್ನುವುದನ್ನೂ ಕಡಿಮೆ ಮಾಡಿದಳು. ಸಿಟ್ಟಿಲ್ಲ, ಬಾಗಿಲು ಬಡಿಯುವುದಿಲ್ಲ. ಬಹಳ ಸಭ್ಯ ಹುಡುಗಿ ಎಂದು ಎಲ್ಲರೂ ಹೊಗಳುತ್ತಾರೆ.

ನಾನು ಪ್ರಶ್ನೆ ಕೇಳುವುದನ್ನು ಬಿಡಲು ಕಲಿತೆ. ನಾಲಿಗೆ ಕಚ್ಚಿಕೊಂಡು ಇಡೀ ಬೇಸಿಗೆ ಸುಮ್ಮನಿದ್ದೆ. ಆದರೆ ನನ್ನ ಸುಮ್ಮನಿರುವಿಕೆಯಲ್ಲೂ ಪ್ರಶ್ನೆ ಕೇಳಿಸುತ್ತಿತ್ತೇನೋ, ಅವಳು ಎದ್ದು ಇನ್ನೊಂದು ಕೋಣೆಗೆ ಹೋಗುತ್ತಿದ್ದಳು.

ಈ ಸಲದ ಕ್ಷಮಾವಾಣಿಯ ಬೆಳಿಗ್ಗೆ ಫೋನಿನ ತುಂಬ ಕಮಲ. ಗಂಡ ಪೇಪರು ಹಿಡಿದು ಕೂತಿದ್ದ. ಅವಳು ಟ್ಯೂಷನ್ನಿಗೆ ಹೊರಟಿದ್ದಳು. ನಾನು ಕೈ ಒರೆಸಿಕೊಂಡು ಅವಳ ಎದುರು ಹೋಗಿ ನಿಂತೆ, ಎರಡೂ ಕೈ ಮುಗಿದೆ, ಅವಳ ಕಣ್ಣಲ್ಲಿ ನೋಡಿ ‘ಉತ್ತಮ ಕ್ಷಮಾ’ ಅಂದೆ. ನಿಜವಾಗಿ ಕೇಳಿದೆ. ಹದಿಮೂರರಲ್ಲಿ ನಾನು ಮಾಡಿದ ತಪ್ಪನ್ನು ಅವಳೂ ಮಾಡಲಿ, ಒಂದೊಂದಾಗಿ ನನ್ನ ಮುಖದ ಮೇಲೆ ಹೇಳಲಿ: ಫೋನು ಓದಿದ್ದು, ಕೈ ಜೋಡಿಸಿದ್ದು, ಪ್ರಾಮಿಸ್ ಮುರಿದದ್ದು. ಒಂದನ್ನು ಮನ್ನಿಸಲು ಆಗುವುದೇ ಇಲ್ಲ ಎಂದಾದರೂ ಹೇಳಲಿ.

ಅವಳು ಚೀಲ ಕೆಳಗಿಟ್ಟಳು. ಕೈ ಮುಗಿದಳು. ತಲೆಯನ್ನು ಬೇಕಾದಷ್ಟೇ ಬಗ್ಗಿಸಿದಳು.

‘ಉತ್ತಮ ಕ್ಷಮಾ, ಮಮ್ಮಿ.’

ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ನಮ್ಮ ಅಪ್ಪನಿಗೆ ಬೇಕಾಗಿದ್ದಂಥ ಉತ್ತರ.

ಬಾಗಿಲ ಬಳಿ ಬಗ್ಗಿ ಬೂಟಿನ ದಾರ ಕಟ್ಟುತ್ತ ಅವಳು ತಂದೆಗೆ ಹೇಳಿದಳು: ‘ಪಪ್ಪಾ, ಮಮ್ಮಿಗಿ ಹೇಳ್ರಿ, ಸಂಜೀಕ ನಾ ಬರೂದ ತಡಾ ಆಗ್ತದಂತ.’ ನಾನು ಅವಳಿಂದ ಒಂದು ಮಾರು ದೂರದಲ್ಲಿದ್ದೆ. ಗಂಡ ಪೇಪರು ಇಳಿಸಿ ನನ್ನ ಕಡೆ ತಿರುಗಿದ.

‘ತಡಾ ಆಗ್ತದಂತ,’ ಅಂದ.

ನಾನು ಇನ್ನೂ ಕೈ ಮುಗಿದುಕೊಂಡೇ ನಿಂತಿದ್ದೆ.